ಬೂದಿ ಮುಚ್ಚಿದ ಕೆಂಡ ಮತ್ತು ನನ್ನ ವರದಿಯ ನಾಲ್ಕನೆಯ ಕಾಲಂ

ನಾಲ್ಕನೆಯ ಕಾಲಂನ ತಲೆಬರಹ ‘ಅಪಾಯ’ ಎಂದಿತ್ತು. ನಾನು ಕೆಲಸಕ್ಕೆ ಸೇರುವ ಮೊದಲೇ ಯಾರೋ ಹಾಗೆ ಬರೆದಿಟ್ಟಿದ್ದರು. ಆರು ವರ್ಷಗಳ ಕಾಲ ಪ್ರತಿ ತಿಂಗಳೂ ನಾನು ಆ ಕಾಲಂ ತುಂಬಿದೆ. ತಲೆಬರಹಕ್ಕೂ ಅದರ ಕೆಳಗಿನ ಸಂಖ್ಯೆಗಳಿಗೂ ಸಂಬಂಧವಿದೆಯೇ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ನಾನಿರುವುದು ನಿವೃತ್ತಿ ಹಣವನ್ನು ನೋಡಿಕೊಳ್ಳುವ ಸಂಸ್ಥೆಯೊಂದರ ಅಪಾಯ ನಿರ್ವಹಣಾ ವಿಭಾಗದಲ್ಲಿ. ಜನ ದುಡಿಯುವ ಕಾಲದಲ್ಲಿ ಕಟ್ಟಿದ ಹಣವನ್ನು ಹತ್ತಾರು ನಿಧಿಗಳಲ್ಲಿ ಹೂಡಿ, ಕೆಲಸದಿಂದ ಬಿಡುವಾದ ಮೇಲೆ ಅವರಿಗೆ ತಿಂಗಳು ತಿಂಗಳು ಕೊಡುವುದು ಸಂಸ್ಥೆಯ ಹೊಣೆ. ಆ ಹಣಕ್ಕೆ ಎಲ್ಲಿಂದ ಪೆಟ್ಟು ಬೀಳಬಹುದು ಎಂದು ಮೊದಲೇ ಹೇಳುವುದು ನಮ್ಮ ವಿಭಾಗದ ಹೊಣೆ. ಹೂಡಿಕೆ ಸಮಿತಿಯ ಮುಂದೆ ಪ್ರತಿ ತಿಂಗಳೂ ನಾವು ಇಡುವುದು ಒಂದೇ ಒಂದು ಹಾಳೆ. ನಿಧಿಯ ಹೆಸರು, ಹೂಡಿದ ಮೊತ್ತ, ಮೂರು ವರ್ಷಗಳ ಸರಾಸರಿ ಗಳಿಕೆ, ಆಮೇಲೆ ಆ ನಾಲ್ಕನೆಯ ಕಾಲಂ.

ಅದರಲ್ಲಿ ಸಂಖ್ಯೆ ಹುಟ್ಟುತ್ತಿದ್ದ ಬಗೆ ಇದು. ನಿಧಿಯೊಂದರ ಕಳೆದ 36 ತಿಂಗಳ ಗಳಿಕೆಗೆ ಒಂದು ಸರಾಸರಿ ತೆಗೆಯುತ್ತೇವೆ. ಪ್ರತಿ ತಿಂಗಳ ಗಳಿಕೆ ಆ ಸರಾಸರಿಯಿಂದ ಎಷ್ಟು ದೂರ ಸರಿದಿದೆ ಎಂದು ನೋಡಿ, ಆ ದೂರವನ್ನು ವರ್ಗ ಮಾಡಿ, ವರ್ಗಗಳಿಗೆಲ್ಲ ಮತ್ತೊಂದು ಸರಾಸರಿ ತೆಗೆಯುತ್ತೇವೆ. ಅದೇ ವೇರಿಯನ್ಸ್. ಅದರ ವರ್ಗಮೂಲ ಮಾನಕ ವಿಚಲನೆ. ತಿಂಗಳ ಲೆಕ್ಕವನ್ನು ವರ್ಷದ ಲೆಕ್ಕಕ್ಕೆ ತರಲು 12ರ ವರ್ಗಮೂಲದಿಂದ, ಅಂದರೆ ಸುಮಾರು 3.46ರಿಂದ ಗುಣಿಸುತ್ತೇವೆ. ಎಕ್ಸೆಲ್ ಇದನ್ನೆಲ್ಲ ಕ್ಷಣದಲ್ಲಿ ಮುಗಿಸುತ್ತದೆ. ಲೆಕ್ಕದಲ್ಲಿ ತಪ್ಪು ಎಂದೂ ಇರಲಿಲ್ಲ, ಆ ಮಾತನ್ನು ನಾನು ಈಗಲೂ ಧೈರ್ಯವಾಗಿ ಹೇಳಬಲ್ಲೆ.

ಆ ಹಾಳೆಯಲ್ಲಿದ್ದ ಎರಡು ನಿಧಿಗಳ ಕಥೆಯನ್ನು ಹೇಳಬೇಕು. ಮೊದಲನೆಯದು ಸಾಮಾನ್ಯ ಷೇರು ನಿಧಿ, ನೂರಾರು ಕಂಪನಿಗಳ ಷೇರುಗಳಿರುವಂಥದ್ದು. ಒಂದು ತಿಂಗಳು ಶೇ 6 ಏರಿದರೆ ಇನ್ನೊಂದು ತಿಂಗಳು ಶೇ 5 ಇಳಿಯುತ್ತಿತ್ತು. ನಾಲ್ಕನೆಯ ಕಾಲಂನಲ್ಲಿ ಅದರ ಎದುರು ಶೇ 16 ಎಂದಿತ್ತು. ಎರಡನೆಯದನ್ನು ಇಲ್ಲಿ ‘ಶಾಂತ ನಿಧಿ’ ಎಂದು ಕರೆಯುತ್ತೇನೆ. 36 ತಿಂಗಳಲ್ಲಿ ಒಂದು ತಿಂಗಳೂ ಅದು ಕೆಳಗಿಳಿದಿರಲಿಲ್ಲ. ತಿಂಗಳಿಗೆ ಶೇ 0.8ರ ಆಸುಪಾಸು, ಒಮ್ಮೆ 0.6, ಒಮ್ಮೆ 1.1, ಮತ್ತೆ 0.8. ಅದರ ಎದುರಿನ ಸಂಖ್ಯೆ ಶೇ 1ನ್ನೂ ಮುಟ್ಟುತ್ತಿರಲಿಲ್ಲ.

ಸಮಿತಿಯ ಹಿರಿಯ ಸದಸ್ಯರೊಬ್ಬರು ಹಾಳೆಯ ಮೇಲೆ ಬೆರಳಿಟ್ಟು, “ಇನ್ನೆರಡು ವರ್ಷಗಳಲ್ಲಿ ನಿವೃತ್ತರಾಗುವವರ ಹಣ ಷೇರು ನಿಧಿಯಲ್ಲಿ ಯಾಕಿರಬೇಕು? ಇದಕ್ಕೆ ಸಾಗಿಸಿದರೆ ಹೇಗೆ?” ಎಂದು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. “ಇದರ ಅಪಾಯ ಶೇ 1ಕ್ಕಿಂತ ಕಡಿಮೆ ಇದೆ ಸರ್” ಎಂದೆ. ಆ ವಾಕ್ಯ ಅಕ್ಷರ ಅಕ್ಷರವಾಗಿ ನೆನಪಿದೆ. ಮುಂದಿನ ನಾಲ್ಕು ತಿಂಗಳಲ್ಲಿ ಹಣ ಹಂತ ಹಂತವಾಗಿ ಸಾಗಿತು. ಕಡತಕ್ಕೆ ನನ್ನ ಸಹಿಯೂ ಬಿತ್ತು.

ಕೊನೆಯ ಕಂತು ಸಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಒಂದೇ ತಿಂಗಳಲ್ಲಿ ಶಾಂತ ನಿಧಿ ಶೇ 31 ಕುಸಿಯಿತು.

ಆ ದಿನ ನಮ್ಮ ವಿಭಾಗದ ಮುಖ್ಯಸ್ಥೆ ನನ್ನನ್ನು ಕರೆದರು. ಬೈಯುತ್ತಾರೆಂದುಕೊಂಡಿದ್ದೆ. ಅವರು ಒಂದು ಬಿಳಿ ಹಾಳೆ ಮುಂದಿಟ್ಟು, “ಈ ನಿಧಿ ಹಣ ಸಂಪಾದಿಸುವುದು ಹೇಗೆ ಎಂದು ಒಂದು ವಾಕ್ಯದಲ್ಲಿ ಬರೆಯಿರಿ” ಎಂದರು. ಪೆನ್ನು ಹಿಡಿದು ಕುಳಿತೆ. ಅದರ ಸರಾಸರಿ ಗಳಿಕೆ ಎರಡು ದಶಮಾಂಶದವರೆಗೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಗಳಿಕೆ ಎಲ್ಲಿಂದ ಬರುತ್ತಿತ್ತು ಎಂದು ಬರೆಯಲು ನನಗೆ ಗೊತ್ತಿರಲಿಲ್ಲ. ಹಾಳೆ ಖಾಲಿ ಉಳಿಯಿತು.

ಸಂಜೆಯವರೆಗೆ ಕುಳಿತು ಒಪ್ಪಂದದ ಪತ್ರಗಳನ್ನು ಓದಿದಾಗ ತಿಳಿಯಿತು. ಮಾರುಕಟ್ಟೆ ಜೋರಾಗಿ ಬಿದ್ದರೆ ನಿಮ್ಮ ನಷ್ಟವನ್ನು ನಾವು ತುಂಬಿಕೊಡುತ್ತೇವೆ ಎಂದು ಬೇರೆಯವರಿಗೆ ಮಾತು ಕೊಟ್ಟು, ಆ ಮಾತಿಗೆ ಪ್ರತಿ ತಿಂಗಳೂ ಶುಲ್ಕ ವಸೂಲಿ ಮಾಡುವುದೇ ಆ ನಿಧಿಯ ಕಸುಬು. ಇಂಥ ಮಾತಿನ ಒಪ್ಪಂದಕ್ಕೆ ಆಪ್ಷನ್ ಎನ್ನುತ್ತಾರೆ; ಅದು ಆಪ್ಷನ್‌ಗಳನ್ನು ಮಾರುತ್ತಿತ್ತು. ಮಾರುಕಟ್ಟೆ ಬೀಳದ ತಿಂಗಳುಗಳಲ್ಲಿ ಶುಲ್ಕವೆಲ್ಲ ಲಾಭ. ಬಿದ್ದ ತಿಂಗಳಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಆ 36 ತಿಂಗಳಲ್ಲಿ ಮಾರುಕಟ್ಟೆ ಅಷ್ಟು ಜೋರಾಗಿ ಬಿದ್ದಿರಲಿಲ್ಲ, ಅಷ್ಟೇ. ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ, ಅದು ಇದೇ. ನಾನು ಬೂದಿಯ ತಾಪಮಾನವನ್ನು ಎರಡು ದಶಮಾಂಶದವರೆಗೆ ಅಳೆದು ಬರೆದಿದ್ದೆ.

ಲೆಕ್ಕವನ್ನೂ ಮಾಡಿ ನೋಡೋಣ. ತಿಂಗಳಿಗೆ ಶೇ 0.8ರಂತೆ 36 ತಿಂಗಳಾದರೆ 100 ಇದ್ದದ್ದು 133 ಆಗುತ್ತದೆ. ಅದರಲ್ಲಿ ಶೇ 31 ಹೋದರೆ ಉಳಿಯುವುದು 92. ಮೂರು ವರ್ಷಗಳ ಗಳಿಕೆಯ ಜೊತೆಗೆ ಅಸಲಿನ ಒಂದು ಚೂರೂ ಹೋಯಿತು. ಇದು ಆರಂಭದಿಂದ ಇದ್ದವರ ಸ್ಥಿತಿ. ನಾವು ಸಾಗಿಸಿದ ಹಣ ಹೋಗಿದ್ದು ಕೊನೆಯ ತಿಂಗಳುಗಳಲ್ಲಿ. ಆ ಹಣದ 100 ಹೆಚ್ಚುಕಡಿಮೆ 69 ಆಯಿತು. 69 ಮತ್ತೆ 100 ಆಗಲು ಶೇ 45 ಏರಬೇಕು, ತಿಂಗಳಿಗೆ ಶೇ 0.8ರಂತೆ ಏರುವ ನಿಧಿಗೆ ಅದಕ್ಕೆ ಸುಮಾರು ನಾಲ್ಕು ವರ್ಷ ಹಿಡಿಯುತ್ತದೆ. ಇನ್ನೆರಡು ವರ್ಷಗಳಲ್ಲಿ ನಿವೃತ್ತರಾಗುವವರ ಹಣ ಅದು.

ಇನ್ನೊಂದು ಸಂಗತಿ ನನ್ನನ್ನು ತುಂಬಾ ದಿನ ಕಾಡಿತು. ಆ 37ನೆಯ ತಿಂಗಳನ್ನೂ ಸೇರಿಸಿ ಮಾನಕ ವಿಚಲನೆ ತೆಗೆದರೆ ವಾರ್ಷಿಕ ಲೆಕ್ಕದಲ್ಲಿ ಶೇ 18ರ ಹತ್ತಿರ ಬರುತ್ತದೆ. ಷೇರು ನಿಧಿಯ 16ನ್ನೂ ದಾಟಿ ಹೋಯಿತು! ನಿಧಿ ಒಂದಿಷ್ಟೂ ಬದಲಾಗಿರಲಿಲ್ಲ. ಅದೇ ಕಸುಬು, ಅದೇ ಜನ, ಅದೇ ಒಪ್ಪಂದ. ಒಂದು ತಿಂಗಳ ಹಿಂದೆ ಅದು ನಮ್ಮ ಹಾಳೆಯ ಅತ್ಯಂತ ಸುರಕ್ಷಿತ ನಿಧಿ, ಒಂದು ತಿಂಗಳ ನಂತರ ಅತ್ಯಂತ ಅಪಾಯದ್ದು. ಅಪಾಯ ಮೊದಲಿನಿಂದಲೂ ಅಷ್ಟೇ ಇತ್ತು. ಅಳತೆಗೆ ಅದು ಕಾಣಿಸಿದ್ದು ಹಣ ಹೋದ ಮೇಲೆ.

ಯಾವುದೋ ಒಂದು ಕೆಟ್ಟ ತಿಂಗಳು ಸರಾಸರಿ 60 ತಿಂಗಳಿಗೊಮ್ಮೆ ಬರುತ್ತದೆ ಎಂದಿಟ್ಟುಕೊಳ್ಳಿ. ಒಂದು ತಿಂಗಳು ಅದು ಬರದಿರುವ ಸಾಧ್ಯತೆ 60ರಲ್ಲಿ 59. ಅದನ್ನು 36 ಬಾರಿ ಗುಣಿಸಿದರೆ, 36 ತಿಂಗಳಲ್ಲಿ ಅದು ಒಮ್ಮೆಯೂ ಕಾಣಿಸಿಕೊಳ್ಳದಿರುವ ಸಾಧ್ಯತೆ ಶೇ 55ರ ಹತ್ತಿರ ಬರುತ್ತದೆ. ಅಂದರೆ ಇಂಥ ನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಮ್ಮ ಹಾಳೆಯ ಮೇಲೆ ಕಳಂಕವೇ ಇಲ್ಲದಂತೆ ಕಾಣುತ್ತವೆ. ಅವುಗಳ ಪೈಕಿ ಏರಿಳಿತ ಕಡಿಮೆ ಇದ್ದದ್ದನ್ನೇ ಹುಡುಕಿ ಹುಡುಕಿ ಆರಿಸುವುದು ನಮ್ಮ ಪದ್ಧತಿಯಾಗಿತ್ತು. ಕೆಟ್ಟ ತಿಂಗಳನ್ನು ಇನ್ನೂ ನೋಡದವುಗಳನ್ನು ನಾವೇ ಜರಡಿ ಹಿಡಿದು ತೆಗೆಯುತ್ತಿದ್ದೆವು.

ಆ ವಾರ ಹಣ ಕಟ್ಟಿದ ಸದಸ್ಯರ ಕರೆಗಳು ಎಷ್ಟು ಬಂದವೆಂದರೆ ಸಹಾಯವಾಣಿಯವರಿಗೆ ಒಬ್ಬರಿಗೇ ನಿಭಾಯಿಸಲಾಗದೆ ಕೆಲವನ್ನು ನಮ್ಮ ಮೇಜಿಗೂ ಕಳಿಸಿದರು. ನನಗೆ ಸಿಕ್ಕವರಲ್ಲಿ ಒಬ್ಬರು ನಿವೃತ್ತಿಗೆ ಐದು ತಿಂಗಳು ಬಾಕಿ ಇದ್ದ ಶಿಕ್ಷಕಿ. ಅವರು ಕೂಗಾಡಲಿಲ್ಲ. “ನೀವು ಕಳಿಸಿದ ಪತ್ರದಲ್ಲಿ ಕಡಿಮೆ ಅಪಾಯದ ನಿಧಿ ಎಂದು ಬರೆದಿತ್ತಲ್ಲ, ಅಪಾಯ ಎಂದರೆ ನೀವು ಏನೆಂದುಕೊಂಡು ಬರೆದಿರಿ?” ಎಂದು ಕೇಳಿದರು. “ಸರಾಸರಿಯಿಂದ ಗಳಿಕೆ ಎಷ್ಟು...” ಎಂದು ಶುರು ಮಾಡಿದೆ. ಮುಂದುವರಿಸಲು ಆಗಲಿಲ್ಲ. ಅವರೇ ಹೇಳಿದರು: “ನಾನು ಅಂದುಕೊಂಡದ್ದು, ಬೇಕಾದ ಹೊತ್ತಿಗೆ ಹಣ ಇಲ್ಲದೆ ಹೋಗುವುದು ಎಂದು.”

ನಮ್ಮ ವಿಭಾಗದ ಹೆಸರಿನಲ್ಲೇ ‘ಅಪಾಯ’ ಇದೆ. ಆ ಪದದ ಅರ್ಥವನ್ನು ನನಗಿಂತ ಸರಿಯಾಗಿ ಹೇಳಿದ್ದು ಫೋನಿನ ಆ ತುದಿಯಲ್ಲಿದ್ದವರು.

ಆಮೇಲೆ ನಾನು ವೇರಿಯನ್ಸ್ ಮತ್ತು ರಿಸ್ಕ್ ಎಂಬ ಎರಡು ಪದಗಳ ಬೆನ್ನು ಹತ್ತಿದೆ. ಕನ್ನಡದಲ್ಲೇ ಯೋಚಿಸಿದರೆ ವ್ಯತ್ಯಾಸ ಅಂಗೈ ಮೇಲಿನ ನೆಲ್ಲಿಕಾಯಿಯಷ್ಟು ಸ್ಪಷ್ಟ. ವೇರಿಯನ್ಸ್ ಅಳೆಯುವುದು ಏರಿಳಿತವನ್ನು. ‘ಏರಿಳಿತ’ದಲ್ಲಿ ಏರೂ ಇದೆ, ಇಳಿತವೂ ಇದೆ. ರಿಸ್ಕ್‌ಗೆ ವಾಣಿಜ್ಯದ ಕನ್ನಡದಲ್ಲಿ ‘ನಷ್ಟಭಯ’ ಎಂಬ ಪದವಿದೆ. ಅದರಲ್ಲಿ ಏರಿಗೆ ಜಾಗವಿಲ್ಲ. ಅಷ್ಟೇ ಅಲ್ಲ, ಭಯ ಎಂದ ಮೇಲೆ ಭಯಪಡುವ ಒಬ್ಬ ಮನುಷ್ಯನೂ ಇರಬೇಕು. ಏರಿಳಿತಕ್ಕೆ ಮನುಷ್ಯ ಬೇಕಾಗಿಲ್ಲ, ಸಂಖ್ಯೆಗಳ ಸಾಲು ಸಾಕು. ನಷ್ಟಭಯ ಯಾರದೋ ಒಬ್ಬರದಾಗಿರಲೇಬೇಕು. ಆ ಶಿಕ್ಷಕಿಯದು, ಐದು ತಿಂಗಳ ನಂತರದ್ದು.

ವಿಭಾಗಕ್ಕೆ ಹೊಸದಾಗಿ ಬಂದವರಿಗೆ ಇದನ್ನು ಹೇಳಲು ನಾನು ಒಂದು ಲಾಟರಿ ಟಿಕೆಟ್‌ನ ಲೆಕ್ಕ ಕೊಡುತ್ತೇನೆ. ಟಿಕೆಟ್ ಬೆಲೆ 1, ಬಹುಮಾನ 10 ಲಕ್ಷ, ಗೆಲ್ಲುವ ಸಾಧ್ಯತೆ 20 ಲಕ್ಷದಲ್ಲಿ ಒಂದು. ಇದರ ಮಾನಕ ವಿಚಲನೆ ತೆಗೆದರೆ 707 ಬರುತ್ತದೆ, ಟಿಕೆಟ್ ಬೆಲೆಯ 700 ಪಟ್ಟಿಗೂ ಹೆಚ್ಚು. ನಮ್ಮ ಹಳೆಯ ಹಾಳೆಯಲ್ಲಿ ಹಾಕಿದ್ದರೆ ಇದಕ್ಕಿಂತ ‘ಅಪಾಯಕಾರಿ’ಯಾದದ್ದು ಇನ್ನೊಂದಿರುತ್ತಿರಲಿಲ್ಲ. ಆದರೆ ಟಿಕೆಟ್ ಕೊಂಡವನು ಕಳೆದುಕೊಳ್ಳುವುದು ಹೆಚ್ಚೆಂದರೆ 1. ಆ 707ರ ಹೆಚ್ಚುಕಡಿಮೆ ಪೂರ್ತಿ ಪಾಲು ಬಂದಿರುವುದು ಅವನು ಗೆಲ್ಲಬಹುದಾದ ಬಹುಮಾನದಿಂದ. ಈಗ ಮೇಜಿನ ಆ ಕಡೆ ಹೋಗಿ. ಯಾರೋ ಒಬ್ಬ ತನ್ನ ಸ್ವಂತ ಜೇಬಿನ ಭರವಸೆಯ ಮೇಲೆ ಇಂಥ ಒಂದು ಟಿಕೆಟ್ ಮಾರಿದ್ದಾನೆ ಎನ್ನಿ. ಅವನಿಗೆ ಸಿಕ್ಕಿದ್ದು 1, ಗೆದ್ದವನು ಬಂದು ನಿಂತರೆ ಕೊಡಬೇಕಾದದ್ದು 10 ಲಕ್ಷ. ಅವನ ಮಾನಕ ವಿಚಲನೆಯೂ ಅದೇ 707, ಚಿಲ್ಲರೆಯೂ ಬದಲಾಗುವುದಿಲ್ಲ. ಕೊಂಡವನ ಲಾಭವೇ ಮಾರಿದವನ ನಷ್ಟ, ಚಿಹ್ನೆ ಮಾತ್ರ ತಿರುಗಿದೆ. ವರ್ಗ ಮಾಡಿದೊಡನೆ ಚಿಹ್ನೆ ಅಳಿಸಿಹೋಗುತ್ತದೆ. ಒಬ್ಬನ ಪುಡಿಗಾಸು ಹೋಗಬಹುದು, ಇನ್ನೊಬ್ಬನ ಮನೆಮಠ ಹೋಗಬಹುದು. ವೇರಿಯನ್ಸ್ ಇಬ್ಬರಿಗೂ ಒಂದೇ ಅಂಕ ಕೊಡುತ್ತದೆ.

ಶಾಂತ ನಿಧಿ ಮಾರಿದವನ ಜಾಗದಲ್ಲಿ ಕುಳಿತಿತ್ತು. ನಾವು ಅದನ್ನು ಗಮನಿಸಿರಲಿಲ್ಲ.

ಈ ಗೊಂದಲ ಎಲ್ಲಿಂದ ಬಂತು ಎಂದು ಹುಡುಕಿದಾಗ ಒಂದು ಸಂಗತಿ ನನಗೆ ಸಮಾಧಾನ ಕೊಟ್ಟಿತು: ಈ ಅಳತೆಯನ್ನು ಕಟ್ಟಿದವರು ಯಾರೂ ಕುರುಡರಾಗಿರಲಿಲ್ಲ. ವೇರಿಯನ್ಸ್ ಎಂಬ ಪದವನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, 1918ರಲ್ಲಿ. ಅವರ ಮುಂದಿದ್ದದ್ದು ಅನುವಂಶೀಯತೆಯ ಪ್ರಶ್ನೆ, ರಕ್ತಸಂಬಂಧಿಗಳಲ್ಲಿ ಗುಣಗಳು ಎಷ್ಟು ಹೋಲುತ್ತವೆ, ಎಷ್ಟು ಬೇರೆಯಾಗುತ್ತವೆ ಎಂಬುದು. ಒಬ್ಬನ ಎತ್ತರ ಸರಾಸರಿಗಿಂತ ಹೆಚ್ಚಿದ್ದರೂ ಕಡಿಮೆ ಇದ್ದರೂ ಅಲ್ಲಿ ಲಾಭ ನಷ್ಟದ ಮಾತಿಲ್ಲ, ಹಾಗಾಗಿ ಎರಡೂ ಕಡೆಯನ್ನು ಒಂದೇ ಸಮ ಎಣಿಸುವ ಅಳತೆ ಅಲ್ಲಿ ಸರಿಯಾಗಿಯೇ ಇತ್ತು. ಅದನ್ನು ಹೂಡಿಕೆಯ ಲೆಕ್ಕದ ನಡುಮನೆಗೆ ತಂದವರು ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್, 1952ರ ಲೇಖನದಲ್ಲಿ. ಹಲವು ಹೂಡಿಕೆಗಳನ್ನು ಸೇರಿಸಿದಾಗ ಒಟ್ಟು ಏರಿಳಿತ ಹೇಗೆ ತಗ್ಗುತ್ತದೆ ಎಂದು ಅವರು ತೋರಿಸಿದ್ದು ನಿಜಕ್ಕೂ ದೊಡ್ಡ ಕೆಲಸ, 1990ರಲ್ಲಿ ಅದಕ್ಕೆ ನೊಬೆಲ್ ಪುರಸ್ಕಾರದ ಪಾಲೂ ಬಂತು. ಅದೇ ಮಾರ್ಕೊವಿಟ್ಜ್ 1959ರ ಪುಸ್ತಕದಲ್ಲಿ ಕೆಳಗಿನ ಕಡೆಗೆ ಸರಿದದ್ದನ್ನು ಮಾತ್ರ ಎಣಿಸುವ ಅರೆ-ವೇರಿಯನ್ಸ್ ಬಗ್ಗೆ ಒಂದು ಅಧ್ಯಾಯವನ್ನೇ ಬರೆದರು. ವೇರಿಯನ್ಸ್‌ನ ಪರವಾಗಿ ಅವರು ಮುಂದಿಟ್ಟ ಕಾರಣಗಳಲ್ಲಿ ಲೆಕ್ಕದ ಖರ್ಚು, ಅನುಕೂಲ ಮತ್ತು ಜನರಿಗಿದ್ದ ಪರಿಚಯ ಸೇರಿದ್ದವು. ಆ ಕಾಲದ ಕಂಪ್ಯೂಟರುಗಳನ್ನು ನೆನೆದರೆ ಅದು ಅರ್ಥವಾಗುವ ಮಾತು. ಅದೇ 1952ರಲ್ಲಿ ಅರ್ಥಶಾಸ್ತ್ರಜ್ಞ ಎ. ಡಿ. ರಾಯ್ ಇನ್ನೊಂದು ದಾರಿ ತೋರಿಸಿದ್ದರು. ಇದಕ್ಕಿಂತ ಕೆಳಗಿಳಿದರೆ ಅನಾಹುತ ಎನ್ನುವ ಮಟ್ಟವೊಂದನ್ನು ಮೊದಲು ಗುರುತಿಸಿ, ಅದರ ಕೆಳಗೆ ಬೀಳುವ ಸಾಧ್ಯತೆಯನ್ನು ಆದಷ್ಟು ತಗ್ಗಿಸು ಎಂಬುದು ಅವರ ವಾದ. ಶಿಕ್ಷಕಿ ಫೋನಿನಲ್ಲಿ ಹೇಳಿದ್ದಕ್ಕೆ ಇದು ಎಷ್ಟು ಹತ್ತಿರ!

ಹಾಗಾದರೆ ಸೂತ್ರ ಬದಲಿಸಿದರೆ ಸಾಕಿತ್ತೇ? ಅರೆ-ವೇರಿಯನ್ಸ್ ಹಾಕಿದ್ದರೆ ಶಾಂತ ನಿಧಿ ಸಿಕ್ಕಿಬೀಳುತ್ತಿತ್ತೇ? ಇಲ್ಲ. ಆ 36 ತಿಂಗಳಲ್ಲಿ ಇಳಿತವೇ ಇರಲಿಲ್ಲವಲ್ಲ, ಅರೆ-ವೇರಿಯನ್ಸ್ ಇನ್ನೂ ಚಿಕ್ಕ ಸಂಖ್ಯೆಯನ್ನೇ ಕೊಡುತ್ತಿತ್ತು. ಬಹಳ ಜನ ಇಲ್ಲಿ ಎಡವುವುದನ್ನು ನೋಡಿದ್ದೇನೆ. ಒಳ್ಳೆಯ ಸೂತ್ರ ಸಿಕ್ಕರೆ ಅಪಾಯ ಸಿಕ್ಕಂತೆ ಎಂದುಕೊಳ್ಳುತ್ತಾರೆ. ನಡೆಯದೆ ಇರುವ ಘಟನೆ ಯಾವ ಸೂತ್ರಕ್ಕೂ ಸಿಗುವುದಿಲ್ಲ. ಅದು ಸಿಗುವುದು ಒಪ್ಪಂದದ ಪತ್ರದಲ್ಲಿ, ಆ ನಿಧಿ ಯಾರಿಗೆ ಏನು ಮಾತು ಕೊಟ್ಟಿದೆ ಎಂಬ ವಿವರದಲ್ಲಿ.

ಇದಕ್ಕೆ ಜಗತ್ತೇ ನೋಡಿದ ಒಂದು ಉದಾಹರಣೆ ಇದೆ. ಯೂರೊದ ಬೆಲೆ 1.20 ಫ್ರಾಂಕ್‌ಗಿಂತ ಕೆಳಗಿಳಿಯಲು ಬಿಡುವುದಿಲ್ಲ ಎಂದು ಸ್ವಿಟ್ಜರ್ಲೆಂಡ್‌ನ ಕೇಂದ್ರ ಬ್ಯಾಂಕ್ 2011ರ ಸೆಪ್ಟೆಂಬರ್ 6ರಂದು ಘೋಷಿಸಿತು. ಕೊನೆಕೊನೆಗೆ ಬೆಲೆ 1.20ರ ನೆತ್ತಿಯ ಮೇಲೆ ಅಂಟಿಕೊಂಡಂತೆ ನಿಂತಿತ್ತು. ಆ ತಿಂಗಳುಗಳ ವೇರಿಯನ್ಸ್ ತೆಗೆದವರಿಗೆ ಸೊನ್ನೆಗೆ ಹತ್ತಿರದ ಸಂಖ್ಯೆ ಸಿಕ್ಕಿರಬೇಕು. 2015ರ ಜನವರಿ 15ರಂದು ಬ್ಯಾಂಕ್ ಆ ಮಾತನ್ನು ಹಿಂದಕ್ಕೆ ಪಡೆಯಿತು. ಕೆಲವೇ ನಿಮಿಷಗಳಲ್ಲಿ ಯೂರೊ 1 ಫ್ರಾಂಕ್‌ಗಿಂತಲೂ ಕೆಳಗೆ ಬಿತ್ತು. ಸಾಲದ ಬಲದ ಮೇಲೆ ವಹಿವಾಟು ನಡೆಸುತ್ತಿದ್ದ ಗ್ರಾಹಕರ ನಷ್ಟ ಹೊರಲಾರದೆ ಕೆಲವು ದಲ್ಲಾಳಿ ಸಂಸ್ಥೆಗಳು ಮುಳುಗಿದವು. ಬೆಲೆ ಅಲ್ಲಾಡದೆ ನಿಂತಿದ್ದು ಒಂದು ಕೈ ಅದನ್ನು ಹಿಡಿದುಕೊಂಡಿದ್ದರಿಂದ. ಆ ಕೈ ಎಷ್ಟು ದಿನ ಹಿಡಿಯುತ್ತದೆ ಎಂಬ ಪ್ರಶ್ನೆ ಬೆಲೆಗಳ ಸಾಲಿನಲ್ಲಿ ಎಲ್ಲೂ ಬರೆದಿರಲಿಲ್ಲ.

ಇಷ್ಟು ಓದಿದವರಿಗೆ ವೇರಿಯನ್ಸ್ ಕೆಲಸಕ್ಕೆ ಬಾರದ್ದು ಎಂದು ಅನಿಸಬಹುದು. ನಾನು ಹಾಗೆ ಹೇಳಲಾರೆ. ಕೆಲವು ಕಡೆ ಏರಿಳಿತವೇ ನೇರವಾಗಿ ಹಣವನ್ನು ತಿನ್ನುತ್ತದೆ. ನಾಣ್ಯ ಚಿಮ್ಮಿ, ತಲೆ ಬಿದ್ದರೆ ನಿಮ್ಮ ಹಣ ಶೇ 50 ಏರುತ್ತದೆ, ಬಾಲ ಬಿದ್ದರೆ ಶೇ 40 ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಸರಾಸರಿ ನೋಡಿದರೆ ಪ್ರತಿ ಸಲ ಶೇ 5 ಲಾಭದ ಆಟ. ಆದರೆ ಒಮ್ಮೆ ಏರಿ ಒಮ್ಮೆ ಇಳಿದರೆ 100 ಹೋಗಿ 150, 150 ಹೋಗಿ 90. 20 ಸಲ ಆಡಿ, ಅರ್ಧ ತಲೆ ಅರ್ಧ ಬಾಲ ಬಿದ್ದವನ ಕೈಯಲ್ಲಿ ಉಳಿಯುವುದು 35. ಸರಾಸರಿಯ ಲೆಕ್ಕ ಮಾತ್ರ 265 ಎಂದು ತೋರಿಸುತ್ತಿರುತ್ತದೆ, ಯಾಕೆಂದರೆ ಅದೃಷ್ಟವಂತರು ಕೆಲವರು ವಿಪರೀತ ಗೆದ್ದು ಸರಾಸರಿಯನ್ನು ಮೇಲೆತ್ತಿರುತ್ತಾರೆ. ಇದ್ದದ್ದನ್ನೆಲ್ಲ ಮತ್ತೆ ಮತ್ತೆ ಪಣಕ್ಕಿಡುವವನಿಗೆ ವೇರಿಯನ್ಸ್ ಕೂಡ ಅಪಾಯವೇ. ಪ್ರತಿ ಸಲ ಚಿಕ್ಕ ಪಾಲು ಮಾತ್ರ ಇಡುವವನಿಗೆ ಅದೇ ಆಟ ಒಳ್ಳೆಯದಾಗಬಹುದು. ಎರಡೂ ಸಲ ನಾಣ್ಯ ಒಂದೇ, ಆಟವೂ ಒಂದೇ.

ಹಣ ತೆಗೆಯುತ್ತಿರುವವರ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಸಂಸ್ಥೆಯಲ್ಲಿ ಈಗ ಪ್ರತಿ ಹೊಸಬರಿಂದಲೂ ಈ ಲೆಕ್ಕವನ್ನು ಕಾಗದದ ಮೇಲೆ ಕೈಯಿಂದಲೇ ಮಾಡಿಸುತ್ತೇನೆ. ಒಬ್ಬರ ಖಾತೆಯಲ್ಲಿ 100 ಇದೆ. ಪ್ರತಿ ವರ್ಷದ ಕೊನೆಗೆ ಅವರು 10 ತೆಗೆಯಬೇಕು. ಮೂರು ವರ್ಷಗಳ ಗಳಿಕೆ ಮೊದಲು ಶೇ 30 ಇಳಿಕೆ, ಆಮೇಲೆ ಶೇ 10 ಏರಿಕೆ, ಆಮೇಲೆ ಶೇ 30 ಏರಿಕೆ. 100 ಹೋಗಿ 70, ತೆಗೆದ ಮೇಲೆ 60. 60 ಏರಿ 66, ತೆಗೆದ ಮೇಲೆ 56. 56 ಏರಿ 72.8, ತೆಗೆದ ಮೇಲೆ 62.8. ಈಗ ಅದೇ ಮೂರು ಗಳಿಕೆಗಳನ್ನು ತಿರುವುಮುರುವು ಮಾಡಿ: ಮೊದಲು ಶೇ 30 ಏರಿಕೆ, ಕೊನೆಗೆ ಶೇ 30 ಇಳಿಕೆ. 130, ತೆಗೆದ ಮೇಲೆ 120. 132, ತೆಗೆದ ಮೇಲೆ 122. ಇಳಿದು 85.4, ತೆಗೆದ ಮೇಲೆ 75.4. ಸರಾಸರಿ ಒಂದೇ, ವೇರಿಯನ್ಸ್ ಒಂದೇ, ಏನೂ ತೆಗೆಯದಿದ್ದರೆ ಕೊನೆಯ ಮೊತ್ತವೂ ಎರಡೂ ಕಡೆ 100.1. ತೆಗೆಯುತ್ತಾ ಹೋದವರಿಗೆ 12.6ರ ವ್ಯತ್ಯಾಸ, ಅಂದರೆ ಒಂದು ವರ್ಷಕ್ಕೂ ಮಿಕ್ಕಿದ ಜೀವನದ ಖರ್ಚು. ನಿವೃತ್ತಿಯ ಹೊಸ್ತಿಲಲ್ಲಿ ಬೀಳುವ ಪೆಟ್ಟಿಗೂ ಇಪ್ಪತ್ತು ವರ್ಷ ಮೊದಲು ಬೀಳುವ ಪೆಟ್ಟಿಗೂ ಇರುವ ಅಂತರ ಇಲ್ಲಿ ಕಣ್ಣಿಗೆ ಕಾಣುತ್ತದೆ. 25 ವಯಸ್ಸಿನವರಿಗೆ ಷೇರು ನಿಧಿಯ ಆ ಶೇ 16 ಹೆಚ್ಚಾಗಿ ಸದ್ದಷ್ಟೇ. ಅವರು ಬೆಲೆ ಬಿದ್ದಾಗಲೂ ಕೊಳ್ಳುತ್ತಲೇ ಇರುತ್ತಾರೆ. ಅವರ ಹಣವನ್ನು ಏರಿಳಿತವೇ ಇಲ್ಲದ ಕಡೆ ಇಟ್ಟು, ಬೆಲೆಯೇರಿಕೆಯನ್ನೂ ಮೀರದ ಬಡ್ಡಿ ಕೊಟ್ಟು, 35 ವರ್ಷಗಳ ನಂತರ ಸಾಕಾಗದ ಮೊತ್ತವನ್ನು ಕೈಗಿಟ್ಟರೆ ನಿಜವಾದ ಅಪಾಯಕ್ಕೆ ಅವರನ್ನು ದೂಡಿದವರು ನಾವೇ ಆಗುತ್ತೇವೆ. ಅಲ್ಲಿ ವೇರಿಯನ್ಸ್ ಸೊನ್ನೆ ಇರುತ್ತದೆ.

ಕುಸಿತವಾದ ಮೂರನೆಯ ವಾರ ಮುಖ್ಯಸ್ಥೆ ಹಾಳೆಯ ಪ್ರತಿಯೊಂದನ್ನು ತೆಗೆದುಕೊಂಡು ನಾಲ್ಕನೆಯ ಕಾಲಂನ ತಲೆಬರಹದ ಮೇಲೆ ಗೆರೆ ಎಳೆದರು. ‘ಏರಿಳಿತ, ಕಳೆದ 36 ತಿಂಗಳು’ ಎಂದು ಬರೆದರು. ಸಂಖ್ಯೆಗಳನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಎರಡು ಹೊಸ ಕಾಲಂಗಳು ಬಂದವು: ‘ಇದು ಯಾವ ಸಂದರ್ಭದಲ್ಲಿ ಮುಳುಗುತ್ತದೆ’ ಮತ್ತು ‘ಆಗ ಯಾರಿಗೆ ಹಣ ಬೇಕಾಗಿರುತ್ತದೆ’. ಇವೆರಡರಲ್ಲೂ ಸಂಖ್ಯೆ ಹಾಕುವಂತಿಲ್ಲ, ವಾಕ್ಯದಲ್ಲೇ ಬರೆಯಬೇಕು. ‘ನಮಗೆ ಗೊತ್ತಿಲ್ಲ’ ಎಂದು ಬರೆಯಲು ಅನುಮತಿ ಇದೆ, ಆದರೆ ಹಾಗೆ ಬರೆದ ನಿಧಿಗೆ ಹೊಸ ಹಣ ಹೋಗುವುದಿಲ್ಲ. ಮೊದಲ ತಿಂಗಳು 23 ನಿಧಿಗಳ ಪೈಕಿ 9ರ ಎದುರು ನಾನು ‘ನಮಗೆ ಗೊತ್ತಿಲ್ಲ’ ಎಂದು ಬರೆದೆ. ಸಮಿತಿಯ ಮುಂದೆ ಅದನ್ನು ಓದುವಾಗ ಗಂಟಲು ಒಣಗಿತ್ತು. ಆರು ವರ್ಷ ಎರಡು ದಶಮಾಂಶದ ಸಂಖ್ಯೆ ಕೊಟ್ಟವರು ಒಮ್ಮೆಲೇ ಗೊತ್ತಿಲ್ಲ ಎಂದರೆ ಕೇಳುವವರಿಗೆ ಹೇಗನಿಸಬೇಕು? ಆದರೂ ಅದು ನಾನು ಆ ಸಮಿತಿಗೆ ಕೊಟ್ಟ ಮೊದಲ ಪ್ರಾಮಾಣಿಕ ವರದಿ ಎಂದು ನಂಬಿದ್ದೇನೆ.

ಈ ಬದಲಾವಣೆಯನ್ನು ಎಲ್ಲರೂ ಒಪ್ಪಿದರು ಎಂದೇನಲ್ಲ. ವಾಕ್ಯಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಲು ಆಗುವುದಿಲ್ಲ, ಮಿತಿ ಹಾಕಲು ಆಗುವುದಿಲ್ಲ, ಬಣ್ಣ ಹಚ್ಚಿ ತೋರಿಸಲು ಆಗುವುದಿಲ್ಲ ಎಂಬ ದೂರು ಇಂದಿಗೂ ಬರುತ್ತದೆ. ಅದು ನಿಜವಾದ ಕಷ್ಟ. ಕೂತು ಓದಬೇಕಾಗುತ್ತದೆ. ಸಭೆ ಮೊದಲಿಗಿಂತ ಒಂದು ತಾಸು ಹೆಚ್ಚು ನಡೆಯುತ್ತದೆ.

ಕಳೆದ ವಾರ ಒಂದು ಹೊಸ ಪ್ರಸ್ತಾವ ಬಂದಿದೆ. ಸುಲಭವಾಗಿ ಮಾರಾಟವಾಗದ ಆಸ್ತಿಗಳಲ್ಲಿ ಹೂಡುವ ನಿಧಿ. ಏರಿಳಿತ ಶೇ 4 ಎಂದು ಮುಖಪುಟದಲ್ಲೇ ದೊಡ್ಡಕ್ಷರದಲ್ಲಿದೆ. ವಿಭಾಗಕ್ಕೆ ಸೇರಿ ಎಂಟು ತಿಂಗಳಾದ ಹುಡುಗಿ ಅದನ್ನು ಹಿಡಿದು ನನ್ನ ಬಳಿ ಬಂದಳು. “ಮೇಡಂ, ಈ ತಿಂಗಳ ಸಂಖ್ಯೆ ನೋಡಿದರೆ ಮುಂದಿನ ತಿಂಗಳದ್ದನ್ನು ಹೆಚ್ಚುಕಡಿಮೆ ಊಹಿಸಬಹುದು. ನಿಜವಾದ ಮಾರುಕಟ್ಟೆ ಬೆಲೆಯಾದರೆ ಹಾಗಾಗಬಾರದಲ್ಲವೇ?” ಎಂದಳು. ಅವಳು ಸರಿಯಾಗಿಯೇ ಹಿಡಿದಿದ್ದಳು. ಆ ಆಸ್ತಿಗಳಿಗೆ ದಿನನಿತ್ಯದ ವಹಿವಾಟಿಲ್ಲ, ಬೆಲೆ ಕಟ್ಟುವುದು ನಿಧಿಯವರೇ. ಕಟ್ಟುವಾಗ ಹಿಂದಿನ ಬೆಲೆಯ ಕಡೆಗೇ ವಾಲುತ್ತಾರೆ. ನಿಜವಾದ ಬದಲಾವಣೆಯ ಮೂರನೆಯ ಒಂದು ಪಾಲನ್ನು ಮಾತ್ರ ಈ ತಿಂಗಳು ತೋರಿಸಿ, ಉಳಿದದ್ದನ್ನು ಮುಂದಿನ ತಿಂಗಳುಗಳಿಗೆ ಅದೇ ರೀತಿ ಹಂಚುತ್ತಾ ಹೋದರೆ, ವರದಿಯಾದ ವೇರಿಯನ್ಸ್ ನಿಜದ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಮಾನಕ ವಿಚಲನೆ ಅರ್ಧಕ್ಕಿಂತ ಕೆಳಗೆ. ಆಸ್ತಿ ಅದೇ, ಅದನ್ನು ತುರ್ತಾಗಿ ಮಾರಬೇಕಾದಾಗ ಸಿಗುವ ಬೆಲೆಯೂ ಅದೇ.

ಇಬ್ಬರೂ ಕುಳಿತು ಮೂರು ಪ್ರಶ್ನೆ ಬರೆದು ಕಳಿಸಿದೆವು. ಬೆಲೆ ಕಟ್ಟುವವರು ಯಾರು, ಕೊನೆಯ ಬಾರಿ ಒಂದು ಆಸ್ತಿಯನ್ನು ನಿಜವಾಗಿ ಮಾರಿದಾಗ ಕಟ್ಟಿದ ಬೆಲೆಗೂ ಸಿಕ್ಕ ಬೆಲೆಗೂ ಎಷ್ಟು ಅಂತರವಿತ್ತು, ಸದಸ್ಯರು ಒಟ್ಟಿಗೆ ಹಣ ಕೇಳಿದರೆ ಎಷ್ಟು ದಿನಗಳಲ್ಲಿ ಕೊಡುತ್ತೀರಿ. ಮೊದಲನೆಯದಕ್ಕೆ ಮರುದಿನವೇ ಉತ್ತರ ಬಂತು. ಉಳಿದೆರಡಕ್ಕೆ ಇನ್ನೂ ಬಂದಿಲ್ಲ. ಈ ತಿಂಗಳ ಹಾಳೆಯಲ್ಲಿ ಆ ನಿಧಿಯ ಎದುರು, ಐದನೆಯ ಕಾಲಂನಲ್ಲಿ, ‘ನಮಗೆ ಗೊತ್ತಿಲ್ಲ’ ಎಂದು ಅವಳೇ ಬರೆದಿದ್ದಾಳೆ.